ಹಂಡೆಗೆ ಬಾಯಿ ಇತ್ತು, ಗೀಸರ್‌ಗೆ ಇದೆಯಾ?

ಈ ಸಲ ದೀಪಾವಳಿಗೆ, ನೀರು ತುಂಬೋ ಹಬ್ಬದ ದಿನ ಬೆಳಿಗ್ಗೆಯೇ ಕೊಟ್ಟೂರಿನ ಮನೆ ಸೇರಿದೆ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸು, ಮೈಯೆಲ್ಲ ನೋವು. ಮೊದಲು ಬಿಸಿನೀರು ಬೇಕಿತ್ತು. ಬಚ್ಚಲಿಗೆ ಹೋದರೆ ಅವ್ವ ಗೀಸರ್‌ಗೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಎರಡು ಚೆಂಡುಹೂವು ಸಿಕ್ಕಿಸುತ್ತಾ ನಿಂತಿದ್ದಳು.

“ಹಂಡೆ ಎಲ್ಲಿ ಹೋತವ್ವ?” ಅಂದೆ.

“ಅಟ್ಟದ ಮ್ಯಾಲೆ ಐತಿ. ಈಗ ನೀರು ಕಾಸೋದು ಇದಾ ಅಲ್ಲೇನು? ಅದಕ್ಕ ಪೂಜಿನೂ ಇದಕ್ಕಾ.”

ನಗು ಬಂತು. ಸ್ಟೇಟಸ್‌ಗೆ ಹಾಕೋಣ ಅಂತ ಫೋನ್ ತೆಗೆದು ಫೋಟೋ ಹೊಡೆದೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡುವಾಗ ಗೀಸರ್‌ನ ಕೆಳಗಡೆ ಏನೋ ಕಂಡಿತು. ತಣ್ಣೀರು ಒಳಗೆ ಹೋಗುವ ಜಾಗದಲ್ಲಿ ಒಂದು ಹಿತ್ತಾಳೆ ವಾಲ್ವ್. ಅದರ ಪಕ್ಕಕ್ಕೆ ಒಂದು ಸಣ್ಣ ಮೂತಿ. ಆ ಮೂತಿಗೆ ಬಿಗಿಯಾಗಿ ಎಂಡ್ ಕ್ಯಾಪ್ ಹಾಕಿ, ನಾಲ್ಕು ಸುತ್ತು ಬಿಳಿ ಟೇಪು ಸುತ್ತಿದ್ದರು.

“ಇದನ್ನ ಯಾರು ಮುಚ್ಚಿಸಿದ್ದು?”

ಅಪ್ಪ ಪೇಪರ್‌ನಿಂದ ತಲೆ ಎತ್ತಲಿಲ್ಲ. “ನೀನಾ ಹೇಳಿದ್ದಿ.”

ನೆನಪಾಯಿತು. ಹಿಂದಿನ ಚಳಿಗಾಲ. ಗೀಸರ್ ಆರ್ಡರ್ ಮಾಡಿ ಊರಿಗೆ ಕಳಿಸಿದ್ದು ನಾನೇ. ಫಿಟ್ಟಿಂಗ್ ಆದ ಎರಡು ದಿನಕ್ಕೆ ಅಪ್ಪ ಫೋನ್ ಮಾಡಿ, “ಕೆಳಗಿನ ಮೂತಿಯಿಂದ ಹನಿ ಹನಿ ನೀರು ಬೀಳ್ತೈತಪಾ, ಏನ್ ಮಾಡೋಣು?” ಅಂದಿದ್ದ. ನಾನು ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಒತ್ತಿಕೊಂಡು, “ಲೀಕ್ ಇದ್ರೆ ಮುಚ್ಚಿಸಿಬಿಡಪ್ಪ” ಅಂದು ಇಟ್ಟಿದ್ದೆ. ಮಾತು ಮುಗಿಯಲು ಹತ್ತು ಸೆಕೆಂಡೂ ಹಿಡಿದಿರಲಿಲ್ಲ. ಅವತ್ತಿನಿಂದ ಅಪ್ಪ ಅವ್ವ ದಿನಾ ಬೆಳಿಗ್ಗೆ ಆ ಬಾಯಿ ಮುಚ್ಚಿದ ಪಾತ್ರೆಯ ಕೆಳಗೆ ಕೂತು ಸ್ನಾನ ಮಾಡಿದ್ದಾರೆ.

ಏನೂ ಆಗಿರಲಿಲ್ಲ. ಆದರೆ ಆ ಮೂತಿ ಯಾಕಿದೆ ಅಂತ ಓದಿದ ಮೇಲೆ, “ಏನೂ ಆಗಿರಲಿಲ್ಲ” ಅನ್ನುವುದು ನನಗೆ ಸಮಾಧಾನದ ಮಾತಾಗಿ ಉಳಿಯಲಿಲ್ಲ.

ಒಂದು ಲೋಟ ನೀರಿನ ಲೆಕ್ಕ

ಹಂಡೆಯ ಕಾಲದಲ್ಲಿ ಈ ಚಿಂತೆಯೇ ಇರಲಿಲ್ಲ. ಕೆಳಗೆ ಬಳ್ಳಾರಿ ಜಾಲಿಯ ಕಟ್ಟಿಗೆಯೋ ಮೆಕ್ಕೆಜೋಳದ ದಿಂಡೋ ಎಷ್ಟು ತುರುಕಿದರೂ, ನೀರು ಕುದಿದು ಆವಿಯಾಗಿ ಮೇಲೆ ಹೋಗುತ್ತಿತ್ತು. ಹಂಡೆಗೆ ಅಗಲವಾದ ಬಾಯಿ ಇತ್ತು. ಮೇಲೆ ಮುಚ್ಚಿದ ತಟ್ಟೆ ಕೂಡ ಸಡಿಲ. ನೂರು ಡಿಗ್ರಿಗಿಂತ ಹೆಚ್ಚು ಬಿಸಿಯಾಗುವ ದಾರಿಯೇ ಅದಕ್ಕಿರಲಿಲ್ಲ.

ಗೀಸರ್ ಮುಚ್ಚಿದ ಪಾತ್ರೆ. ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಡಿಗ್ರಿ ಇದ್ದ 25 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಸುಮಾರು 350 ಮಿಲಿಲೀಟರ್ ಹೆಚ್ಚಾಗುತ್ತದೆ. ಅಂದರೆ ಒಂದು ದೊಡ್ಡ ಲೋಟದಷ್ಟು. ಈ ಲೋಟ ನೀರು ಎಲ್ಲಿಗೆ ಹೋಗಬೇಕು? ಗೀಸರ್‌ನ ಪೈಪಿಂಗ್ ಅನ್ನೋದು ಮುಖ್ಯವಾಗಿ ಇದೊಂದು ಪ್ರಶ್ನೆಗೆ ಉತ್ತರ.

ತಣ್ಣೀರಿನ ಪೈಪು ಗೀಸರ್‌ನಿಂದ ಮೇಲಿನ ಟ್ಯಾಂಕಿನವರೆಗೆ ಅಡ್ಡಿಯಿಲ್ಲದೆ ಇದ್ದರೆ, ಹೆಚ್ಚಾದ ನೀರು ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಬಹುದು. ಆದರೆ ಹಾಗೆ ಬಿಟ್ಟರೆ ಇನ್ನೊಂದು ತೊಂದರೆ. ಟ್ಯಾಂಕು ಖಾಲಿಯಾಗಿ ಕೆಳಗಿನ ನಲ್ಲಿ ತೆಗೆದಿದ್ದರೆ ಗೀಸರ್‌ನ ನೀರೂ ಜಾರಿ ಹೋಗಿ, ಒಳಗಿನ ಕಾಯಿಲ್ ಒಣಗಿ ಸುಡುತ್ತದೆ. ವಾರಕ್ಕೆರಡು ಸಲ ನಲ್ಲಿ ನೀರು ಬರುವ ಊರುಗಳಲ್ಲಿ ಟ್ಯಾಂಕು ಖಾಲಿಯಾಗೋದು ಅಪರೂಪದ ಸಂಗತಿಯಲ್ಲ. ಅದಕ್ಕೇ ಗೀಸರ್ ಜೊತೆ ಬರುವ ಆ ಹಿತ್ತಾಳೆ ವಾಲ್ವ್ ಎರಡು ಕೆಲಸ ಮಾಡುತ್ತದೆ. ನೀರು ಹಿಂದೆ ಹೋಗದಂತೆ ತಡೆಯುವುದು ಒಂದು. ಒಳಗಿನ ಒತ್ತಡ ಮಿತಿ ದಾಟಿದರೆ ಪಕ್ಕದ ಮೂತಿಯಿಂದ ನೀರು ಹೊರಗೆ ಬಿಡುವುದು ಇನ್ನೊಂದು. ಸಾಮಾನ್ಯವಾಗಿ ಈ ಮಿತಿ 8 ಬಾರ್ ಆಸುಪಾಸು. ನಿಮ್ಮ ತಾರಸಿಯ ಟ್ಯಾಂಕು ಗೀಸರ್‌ಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಅದು ಕೊಡೋದು ಸುಮಾರು 1 ಬಾರ್ ಅಷ್ಟೇ.

ಅಪ್ಪನಿಗೆ ಲೀಕ್ ಅಂತ ಕಂಡದ್ದು ಆ ಒಂದು ಲೋಟ ನೀರು. ಗೀಸರ್ ಕಾಯುವಾಗ ಮಾತ್ರ ಹನಿ ಬಿದ್ದರೆ ವಾಲ್ವ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಸ್ವಿಚ್ ಆಫ್ ಇದ್ದಾಗಲೂ ಇಡೀ ದಿನ ತೊಟ್ಟಿಕ್ಕುತ್ತಿದ್ದರೆ, ಒಳಗೆ ಕಸ ಸಿಕ್ಕಿದೆ ಅಥವಾ ಬರುವ ನೀರಿನ ಒತ್ತಡವೇ ಜಾಸ್ತಿ ಇದೆ. ಆಗ ಮಾಡಬೇಕಾದ್ದು ವಾಲ್ವ್ ಬದಲಿಸೋದು, ಒತ್ತಡ ನೋಡಿಸೋದು. ಮುಚ್ಚೋದಲ್ಲ.

ಮುಚ್ಚಿದರೆ ಏನಾಗುತ್ತದೆ? ದಿನಾ ಕಾದಾಗಲೆಲ್ಲ ಒತ್ತಡ ಏರಿ, ಟ್ಯಾಂಕಿನ ವೆಲ್ಡಿಂಗ್, ಪೈಪಿನ ಜಾಯಿಂಟ್, ನಲ್ಲಿಯ ವಾಷರ್, ಯಾವುದು ಸೋಲುತ್ತದೋ ಅದು ಮೊದಲು ಬಿಡುತ್ತದೆ. ಅದು ಕಡಿಮೆ ನಷ್ಟದ ದಾರಿ. ಥರ್ಮೋಸ್ಟಾಟ್ ಮತ್ತು ಕಟೌಟ್ ಎರಡೂ ಕೈಕೊಟ್ಟು ಕಾಯಿಲ್ ಉರಿಯುತ್ತಲೇ ಹೋದರೆ ಕಥೆಯೇ ಬೇರೆ. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ನೀರಾಗಿಯೇ ಉಳಿಯುತ್ತದೆ. ಟ್ಯಾಂಕು ಒಡೆದ ಕ್ಷಣದಲ್ಲಿ ಒತ್ತಡ ಇಳಿದು, ಅದರಲ್ಲೊಂದು ಪಾಲು ಒಮ್ಮೆಗೇ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. 25 ಲೀಟರಿನಲ್ಲಿ ಬರೀ 3 ಲೀಟರ್ ಆವಿಯಾದರೂ, ಸಾವಿರ ಲೀಟರಿನ ಐದು ಟ್ಯಾಂಕು ತುಂಬುವಷ್ಟು ಆವಿ. ನಮ್ಮ ಬಚ್ಚಲಿನ ಅಳತೆ ನೋಡಿ ಲೆಕ್ಕ ಹಾಕಿದೆ. ಅರ್ಧಕ್ಕಿಂತ ಹೆಚ್ಚು ತುಂಬುತ್ತಿತ್ತು.

ಮೇನ್ ಸ್ವಿಚ್ ತೆಗೆದು, ನೀರು ತಣ್ಣಗಾದ ಮೇಲೆ ಪ್ಲಂಬರ್ ಕರೆಸಿ ಕ್ಯಾಪ್ ಬಿಚ್ಚಿಸಿದೆ. ಆ ಮೂತಿಯಿಂದ ಒಂದು ಪೈಪು ಗೋಡೆಗುಂಟ ಕೆಳಗಿಳಿಸಿ, ಬಚ್ಚಲ ಮೋರಿಯಿಂದ ನಾಲ್ಕು ಬೆರಳು ಮೇಲೆ ಬಾಯಿ ತೆರೆದು ಬಿಡಿಸಿದೆ. ಈ ಪೈಪಿಗೆ ಎಲ್ಲೂ ನಲ್ಲಿ ಇರಬಾರದು, ಮೇಲಕ್ಕೆ ತಿರುಗಬಾರದು, ತುದಿ ಕಣ್ಣಿಗೆ ಕಾಣಬೇಕು. ಗೀಸರ್‌ಗೂ ಸೇಫ್ಟಿ ವಾಲ್ವ್‌ಗೂ ನಡುವೆ ಬೇರೆ ಯಾವ ವಾಲ್ವೂ ಬರಬಾರದು. ರಿಪೇರಿಗೆ ಬೇಕಾದ ನಲ್ಲಿಯನ್ನು ಸೇಫ್ಟಿ ವಾಲ್ವ್‌ಗಿಂತ ಮೊದಲು, ತಣ್ಣೀರು ಬರುವ ಕಡೆಗೆ ಹಾಕಬೇಕು.

ಕೆಲಸಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ. ಪ್ಲಂಬರ್ ಹೋಗುವಾಗ, “ಎಲ್ಲರ ಮನ್ಯಾಗೂ ಮುಚ್ಚು ಅಂತಾರ್ರೀ, ನೀವು ತಗೀ ಅಂತೀರಿ” ಅಂದ. ಆ “ಎಲ್ಲರ ಮನ್ಯಾಗೂ” ಅನ್ನೋ ಮಾತು ತಲೆಯಲ್ಲಿ ಉಳಿಯಿತು. ಹಬ್ಬಕ್ಕೆ ಹೇಗೂ ನೆಂಟರ ಮನೆ ಸುತ್ತುವುದಿತ್ತು. ಹೋದಲ್ಲೆಲ್ಲ ಕಾಲು ತೊಳೆಯುವ ನೆಪದಲ್ಲಿ ಬಚ್ಚಲು ನೋಡಿದೆ.

ಬೋರಿನ ನೀರು ಮತ್ತು ಅಂಟಿಕೊಂಡ ವಾಲ್ವ್

ಹಗರಿಬೊಮ್ಮನಹಳ್ಳಿಯಲ್ಲಿ ಕಾಕಾನ ಮನೆ. ವಾಲ್ವ್ ಸರಿಯಾದ ಜಾಗದಲ್ಲಿದೆ, ಮೂತಿ ತೆರೆದಿದೆ. ಖುಷಿಯಾಗಿ ಲಿವರ್ ಎತ್ತಿ ನೋಡಿದರೆ ಅಲುಗಲೇ ಇಲ್ಲ. ಸುತ್ತಲೂ ಸುಣ್ಣದಂಥ ಬಿಳಿ ಗಟ್ಟಿ.

2021ರಲ್ಲಿ ವಿಜಯನಗರ ಜಿಲ್ಲೆ ಆಗಿ ನಮ್ಮ ಐದೂ ತಾಲೂಕು ಒಂದೇ ಕಡೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ವಾಪಸ್ಸಾಗಿ, ಆಮೇಲೆ ವಿಜಯನಗರಕ್ಕೆ ಸೇರಿತು. ಜಿಲ್ಲೆ ಬದಲಾದರೂ ಬೋರಿನ ಗಡಸು ನೀರು ಬದಲಾಗಲಿಲ್ಲ. ಸ್ಟೀಲ್ ಚರಿಗೆಯ ತಳದಲ್ಲಿ ಬಿಳಿ ಕಲೆ ಕಟ್ಟುವ ಆ ನೀರು ಕಾದಷ್ಟೂ ಹೆಚ್ಚು ಸುಣ್ಣ ಬಿಡುತ್ತದೆ. ಕಾಯಿಲ್ ಮೇಲೆ ಪದರ ಕಟ್ಟಿದರೆ ಕರೆಂಟ್ ಬಿಲ್ ಏರುತ್ತದೆ. ವಾಲ್ವ್ ಒಳಗೆ ಕಟ್ಟಿದರೆ ಆ ಮೂತಿ ಯಾರೂ ಮುಚ್ಚದೆಯೇ ಮುಚ್ಚಿಹೋಗುತ್ತದೆ.

ಅದಕ್ಕೇ ಬೋರಿನ ನೀರಿನ ಮನೆಯಲ್ಲಿ ತಿಂಗಳಿಗೊಮ್ಮೆ, ಸ್ವಿಚ್ ತೆಗೆದು, ಕೈ ಮುಖ ದೂರ ಇಟ್ಟುಕೊಂಡು ಲಿವರ್ ಎತ್ತಿ ನೋಡಬೇಕು. ನೀರು ಬರಬೇಕು, ಬಿಟ್ಟಾಗ ನಿಲ್ಲಬೇಕು. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಟ್ಯಾಂಕು ಸವೆಯದಂತೆ ಕಾಯುವ ಮೆಗ್ನೀಸಿಯಂ ರಾಡ್ ಎಷ್ಟು ಉಳಿದಿದೆ ಕೇಳಿ. ಥರ್ಮೋಸ್ಟಾಟನ್ನು ತುದಿಗೆ ತಿರುಗಿಸಿ ಇಡಬೇಡಿ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ನಾಲ್ಕೈದು ಸೆಕೆಂಡಿನಲ್ಲಿ ಸುಡುತ್ತದೆ, ಮಕ್ಕಳದು ಇನ್ನೂ ಬೇಗ. ಬಕೆಟ್‌ಗೆ ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿನೀರು ಬಿಡೋ ರೂಢಿ ಒಳ್ಳೆಯದು.

ಬಿಸಿನೀರಿಗೆ ತಣ್ಣೀರಿನ ಪೈಪು

ಕೂಡ್ಲಿಗಿಯ ಗೆಳೆಯ ಹೊಸ ಮನೆ ಕಟ್ಟಿಸಿ ತಾರಸಿಗೆ ಸೋಲಾರ್ ಹಾಕಿಸಿದ್ದಾನೆ. ನಮ್ಮ ಬಿಸಿಲಿಗೆ ಸೋಲಾರ್‌ಗಿಂತ ಒಳ್ಳೆಯ ಗೀಸರ್ ಇಲ್ಲ. ಆದರೆ ಏಪ್ರಿಲ್‌ನಲ್ಲಿ ಎರಡು ದಿನ ಮನೆಗೆ ಬೀಗ ಹಾಕಿ ಬಂದಾಗ ತಾರಸಿಯೆಲ್ಲ ನೀರು. ಪೈಪಿನ ಎಲ್ಬೋ ಮೆತ್ತಗಾಗಿ ಕಳಚಿಕೊಂಡಿತ್ತು. ಉಳಿದ ಪೈಪು ಹಾವಿನ ಹಾಗೆ ಡೊಂಕು.

ಕಾರಣ ಸರಳ. ಅದು ತಣ್ಣೀರಿಗೆ ಹಾಕುವ ಸಾದಾ ಪಿವಿಸಿ. 45 ಡಿಗ್ರಿ ಆಸುಪಾಸಿನವರೆಗೆ ಅಂತಲೇ ಮಾಡಿದ ಪೈಪು. ಬೇಸಿಗೆಯಲ್ಲಿ ಬಳಸದೆ ಬಿಟ್ಟ ಸೋಲಾರ್ ಟ್ಯಾಂಕಿನ ನೀರು 80 ಡಿಗ್ರಿ ದಾಟೋದು ದೊಡ್ಡ ಮಾತಲ್ಲ. ಬಿಸಿನೀರಿಗೆ ಬೇಕಾದ್ದು ಸಿಪಿವಿಸಿ. ಪೈಪಿನ ಮೇಲೆ ಐಎಸ್ 15778 ಅಂತ ಇರಬೇಕು, ಜೊತೆಗೆ ಎಸ್‌ಡಿಆರ್ 11 ಅಂದರೆ ದಪ್ಪ ಗೋಡೆಯದು. ಅದು 93 ಡಿಗ್ರಿವರೆಗೆ ತಾಳುತ್ತದೆ, ಆದರೆ ಬಿಸಿ ಏರಿದಂತೆ ಒತ್ತಡ ತಾಳುವ ಶಕ್ತಿ ಇಳಿಯುತ್ತದೆ. ಹಾಗಾಗಿ ಸೋಲಾರ್ ಟ್ಯಾಂಕಿನಿಂದ ಹೊರಬರುವ ಮೊದಲ ನಾಲ್ಕೈದು ಅಡಿ ಜಿಐ ಪೈಪು ಹಾಕೋದು ಜಾಣತನ. ಗೀಸರ್‌ಗೂ ಪ್ಲಾಸ್ಟಿಕ್ ಪೈಪನ್ನು ನೇರ ತಿರುಗಿಸದೆ, ಬಿಸಿ ತಾಳುವ ಹೆಣೆದ ಸ್ಟೀಲ್ ಪೈಪಿನಿಂದಲೇ ಜೋಡಿಸಬೇಕು.

ಇನ್ನೆರಡು ಸಣ್ಣ ಸಂಗತಿ. ಸಿಪಿವಿಸಿಗೆ ಸಿಪಿವಿಸಿಯದೇ ಅಂಟು ಬೇಕು, ಪಿವಿಸಿ ಅಂಟು ಹಚ್ಚಿದರೆ ಜಾಯಿಂಟ್ ಬಿಸಿಗೆ ಬಿಡುತ್ತದೆ. ಮತ್ತೆ, 10 ಅಡಿ ಸಿಪಿವಿಸಿ ಪೈಪು 40 ಡಿಗ್ರಿ ಬಿಸಿ ಏರಿದರೆ 8 ಮಿಲಿಮೀಟರ್‌ನಷ್ಟು ಉದ್ದವಾಗುತ್ತದೆ. ಅದನ್ನು ಎರಡೂ ತುದಿ ಬಿಗಿದು ಗೋಡೆಯಲ್ಲಿ ಹೂತರೆ, ಸಿಟ್ಟೆಲ್ಲ ಜಾಯಿಂಟ್ ಮೇಲೆ. ಉದ್ದದ ಪೈಪಿಗೆ ನಡುವೆ ಒಂದು ತಿರುವು ಕೊಟ್ಟು, ಜಾರಲು ಜಾಗ ಇರುವ ಕ್ಲ್ಯಾಂಪ್ ಹಾಕಿ, ಬಿಸಿಲಿನ ಕಡೆ ಇನ್ಸುಲೇಷನ್ ಸುತ್ತಿಸಿ.

ಪೈಪು ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನೋದೂ ತಪ್ಪು. ಸೋಲಾರ್‌ನಿಂದ ಬಚ್ಚಲಿಗೆ 15 ಮೀಟರ್ ಇದ್ದು ಮುಕ್ಕಾಲು ಇಂಚಿನ ಪೈಪು ಹಾಕಿದರೆ, ಬಿಸಿನೀರು ಬರುವ ಮುಂಚೆ ಸುಮಾರು 4 ಲೀಟರ್ ತಣ್ಣೀರು ಹೋಗುತ್ತದೆ. ಅರ್ಧ ಇಂಚಾದರೆ 2 ಲೀಟರಿನೊಳಗೆ. ಒಂದೇ ಬಚ್ಚಲಿಗೆ ಇಳಿಯುವ ಪೈಪಿಗೆ, ಟ್ಯಾಂಕಿನ ಎತ್ತರ ಸಾಕಷ್ಟಿದ್ದರೆ ಅರ್ಧ ಇಂಚು ಸಾಲುತ್ತದೆ. ಕೊಡ ಹಿಡಿದು ಬೆಳೆದ ನಮಗೆ ಎರಡು ಲೀಟರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ತಾರಸಿಯ ಮೇಲೆ ಕಟ್ಟಿಗೆಯ ಬಿರಡೆ

ಹರಪನಹಳ್ಳಿಯಲ್ಲಿ ಮಾವ ಶವರ್ ಜೋರಾಗಿ ಬರಲಿ ಅಂತ ಪ್ರೆಷರ್ ಪಂಪು ಹಾಕಿಸಿದ್ದ. ಪಂಪು ಶುರುವಾದ ಕೂಡಲೇ ಸೋಲಾರ್ ಟ್ಯಾಂಕಿನ ಮೇಲೆ ನೆಟ್ಟಗೆ ನಿಂತ ಸಣ್ಣ ಪೈಪಿನಿಂದ ನೀರು ಕಾರಂಜಿಯ ಹಾಗೆ ಚಿಮ್ಮಿದೆ. ಯಾರೋ ಅದಕ್ಕೊಂದು ಕಟ್ಟಿಗೆಯ ಬಿರಡೆ ಬಡಿದಿದ್ದಾರೆ. ಮತ್ತೆ ಅದೇ ಕಥೆ. ಆ ಪೈಪೇ ಸೋಲಾರ್ ಟ್ಯಾಂಕಿನ ಬಾಯಿ.

ಮನೆಗಳಲ್ಲಿ ಹೆಚ್ಚಾಗಿ ಇರುವ ಗಾಜಿನ ಕೊಳವೆಯ ಸೋಲಾರ್ ಒತ್ತಡ ತಾಳುವಂಥದ್ದಲ್ಲ. ಅದಕ್ಕೆ ತಣ್ಣೀರು ಟ್ಯಾಂಕಿನಿಂದ ತಾನಾಗಿ ಇಳಿದು ಬರಬೇಕು, ಪಂಪಿನಿಂದಲ್ಲ. ಹಾಗಾಗಿ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಗಾಳಿ ಪೈಪಿನ ತುದಿ ತಣ್ಣೀರಿನ ಟ್ಯಾಂಕಿನಲ್ಲಿ ನೀರು ತುಂಬಿ ನಿಲ್ಲುವ ಮಟ್ಟಕ್ಕಿಂತ ಒಂದಡಿಯಾದರೂ ಎತ್ತರ ಇರಬೇಕು. ಈ ಪೈಪು ಆವಿ ಬಿಡೋದು ಮಾತ್ರವಲ್ಲ, ಗಾಳಿಯನ್ನು ಒಳಗೂ ಎಳೆದುಕೊಳ್ಳುತ್ತದೆ. ಅದು ಮುಚ್ಚಿದ್ದಾಗ, ತಣ್ಣೀರು ಬರೋದು ನಿಂತು ಬಿಸಿನೀರು ಮಾತ್ರ ಇಳಿಯುತ್ತಿದ್ದರೆ, ಟ್ಯಾಂಕು ಖಾಲಿ ಬಾಟಲಿ ಹೀರಿದ ಹಾಗೆ ಒಳಕ್ಕೆ ಅಪ್ಪಚ್ಚಿಯಾಗುತ್ತದೆ. ಜೋರು ಶವರ್ ಬೇಕೇ ಬೇಕಾದರೆ ಒತ್ತಡ ತಾಳುವ ಸೋಲಾರ್ ತಗೋಬೇಕು, ಇಲ್ಲವೇ ಬಿಸಿ ತಾಳುವ ಪಂಪನ್ನು ಸೋಲಾರ್ ದಾಟಿದ ಮೇಲೆ, ಬಿಸಿನೀರಿನ ಕಡೆಗೆ ಹಾಕಿಸಬೇಕು. ಮಾವ ಬಿರಡೆ ಕಿತ್ತು, ಪಂಪಿನ ಜಾಗ ಬದಲಿಸಲು ಒಪ್ಪಿದ.

ಅಕ್ಕನ ಮಗಳ ತಲೆನೋವು

ಕೊನೆಗೆ ಹೂವಿನಹಡಗಲಿ, ಅಕ್ಕನ ಮನೆ. ಅಲ್ಲಿ ಗ್ಯಾಸ್ ಗೀಸರ್, ಬಚ್ಚಲ ಒಳಗೇ. ಚಳಿ ಅಂತ ಮೇಲಿನ ಕಿಟಕಿಗೆ ರಟ್ಟು ಬಡಿದಿದ್ದಾರೆ. ಭಾವನಿಗೆ ಹೇಳಿದರೆ, “ನಾಲ್ಕು ವರ್ಷ ಆತು, ಏನೂ ಆಗಿಲ್ಲ ಬಿಡಪ್ಪ” ಅಂದರು. ಅಕ್ಕ ಮಾತ್ರ ಸುಮ್ಮನೆ ನಿಂತಿದ್ದಳು. ಆಮೇಲೆ ಮೆಲ್ಲಗೆ, “ನಮ್ಮಕಿ ತಲಿ ಸ್ನಾನ ಮಾಡಿದ ದಿನ ತಲಿನೋವು, ತಲಿ ತಿರುಗ್ತೈತಿ ಅಂತಿದ್ಲು. ಸಾಲಿ ತಪ್ಪಿಸಾಕ ನೆಪ ಹೇಳ್ತಾಳ ಅಂತ ನಾನಾ ಬೈದೀನಿ” ಅಂದಳು.

ಯಾರಿಗೂ ಮಾತು ಬರಲಿಲ್ಲ. ಭಾವ ಎದ್ದು ಹೋಗಿ ರಟ್ಟು ಕಿತ್ತರು.

ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಲೆನೋವು, ಸುತ್ತು, ಆಮೇಲೆ ಎಚ್ಚರ ತಪ್ಪೋದು. ಬಾಗಿಲಿಗೆ ಒಳಗಿನಿಂದ ಚಿಲಕ. ಚಳಿಗಾಲದಲ್ಲಿ ಬೆಂಗಳೂರಿನ ಕಡೆಯಿಂದ ಇಂಥ ಸಾವಿನ ಸುದ್ದಿ ಓದಿ ನಾವೆಲ್ಲ ಪುಟ ತಿರುವಿದವರೇ.

ಇದು ಹೊಸ ತಪ್ಪೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಅನ್ನುವಾತ ಗ್ಯಾಸ್‌ನಿಂದ ನೀರು ಕಾಯಿಸುವ ಯಂತ್ರ ಮಾಡಿ, ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನೇ ಇಟ್ಟ. ನಾವು ಇವತ್ತಿಗೂ ಗೀಸರ್ ಅನ್ನೋದು ಅದೇ ಹೆಸರಿನಿಂದ. ಅವನ ಯಂತ್ರಕ್ಕೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ಒಂದೂವರೆ ಶತಮಾನದ ನಂತರವೂ ನಾವು ಅದೇ ತಪ್ಪು ಮಾಡುತ್ತಿದ್ದೇವೆ.

ಇದಕ್ಕೆ ಪರಿಹಾರವೂ ಪೈಪಿಂಗೇ. ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಗೋಡೆಯ ಮೇಲೆ. ಬಿಸಿನೀರಿನ ಪೈಪು ಮಾತ್ರ ಒಳಗೆ. ಅಕ್ಕನ ಮನೆಯಲ್ಲಿ ಅದಕ್ಕೆ ಬೇಕಾಗಿದ್ದು ಗೋಡೆಯಲ್ಲೊಂದು ತೂತು, ಹತ್ತು ಅಡಿ ಸಿಪಿವಿಸಿ ಮತ್ತು ಒಂದು ಮಧ್ಯಾಹ್ನ. ಕೆಲಸ ಮುಗಿಯುವ ತನಕ ಒಲೆಯ ಮೇಲೆ ನೀರು ಕಾಸಿ ಸ್ನಾನ ಅಂತ ತೀರ್ಮಾನವಾಯಿತು. ಹೊರಡುವಾಗ ಅಕ್ಕ ಅವ್ವನಿಗೆ ಕೊಡು ಅಂತ ಹಡಗಲಿ ಮಲ್ಲಿಗೆಯ ಪೊಟ್ಟಣ ಕೈಗಿಟ್ಟಳು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ತಲೆ ಮೇಲೆ ಕೈಯಿಟ್ಟೇ ಇದ್ದಳು.

ಈ ಭಾನುವಾರ ಊರಿಗೆ ಫೋನ್ ಮಾಡಿ

ನಮ್ಮಲ್ಲಿ ಬಹಳ ಮಂದಿ ಹೀಗೇ. ಊರಿಗೆ ಗೀಸರ್, ಸೋಲಾರ್ ಕಳಿಸೋದು ನಾವು, ಅದರ ಜೊತೆ ದಿನಾ ಇರೋದು ಅಪ್ಪ ಅಮ್ಮ. ಹಾಗಾಗಿ ವಿಡಿಯೋ ಕಾಲ್ ಮಾಡಿ ಬಚ್ಚಲಿಗೆ ಫೋನ್ ಹಿಡಿಯಲು ಹೇಳಿ. ಇಷ್ಟು ನೋಡಿ:

• ಗೀಸರ್ ಕೆಳಗಿನ ಸೇಫ್ಟಿ ವಾಲ್ವ್ ಇದೆಯಾ? ಅದರ ಮೂತಿ ತೆರೆದಿದೆಯಾ? ಕಾಯುವಾಗ ಹನಿ ಬೀಳುತ್ತದಾ?

• ಗೀಸರ್ ಮೇಲೆ ಐಎಸ್‌ಐ ಗುರುತು ಇದೆಯಾ? ಕಂಪನಿಯ ಪುಸ್ತಕದಲ್ಲಿ “ಓಪನ್ ಔಟ್‌ಲೆಟ್” ಅಂತ ಇದ್ದರೆ, ಬಿಸಿನೀರು ಹೊರಬರುವ ಕಡೆ ನಲ್ಲಿ ಹಾಕಲೇಬಾರದು.

• ಬಿಸಿನೀರಿನ ಪೈಪಿನ ಮೇಲೆ ಸಿಪಿವಿಸಿ ಅಂತ ಬರೆದಿದೆಯಾ?

• ಸೋಲಾರ್ ಇದ್ದರೆ, ಗಾಳಿ ಪೈಪಿನ ತುದಿ ತೆರೆದಿದೆಯಾ? ತಣ್ಣೀರಿನ ಟ್ಯಾಂಕಿಗಿಂತ ಎತ್ತರ ಇದೆಯಾ?

• ಗ್ಯಾಸ್ ಗೀಸರ್ ಬಚ್ಚಲ ಒಳಗಿದ್ದರೆ, ಇವತ್ತೇ ಬಳಸೋದು ನಿಲ್ಲಿಸಿ.

• ಕರೆಂಟ್ ಗೀಸರ್‌ಗೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ? ಪೈಪು ಪ್ಲಾಸ್ಟಿಕ್ ಇದ್ದರೂ ನೀರಿನಲ್ಲಿ ಕರೆಂಟ್ ಬರಬಹುದು.

ಏನಾದರೂ ತಪ್ಪು ಕಂಡರೆ ಸ್ವಿಚ್ ತೆಗೆಸಿ, ಪ್ಲಂಬರ್ ಬರುವವರೆಗೆ ಮುಟ್ಟಬೇಡಿ ಅನ್ನಿ. ಮುಖ್ಯವಾಗಿ, ಮೀಟಿಂಗ್ ನಡುವೆ ಉತ್ತರ ಕೊಡಬೇಡಿ. ಹತ್ತು ನಿಮಿಷ ಬಿಟ್ಟು ವಾಪಸ್ ಫೋನ್ ಮಾಡಿ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ಆ ಪೈಪಿನ ಕೆಳಗೆ ಒಂದು ಚರಿಗೆ ಇಟ್ಟಿದ್ದಾಳಂತೆ. ದಿನಾ ಬೆಳಿಗ್ಗೆ ಅದರಲ್ಲಿ ಬಿದ್ದ ನೀರು ಆರಿದ ಮೇಲೆ ಹಿತ್ತಲ ದಾಸವಾಳದ ಗಿಡಕ್ಕೆ. “ಇವತ್ತೂ ಬಿದ್ದೈತಿ ನೋಡಪಾ” ಅಂದಳು. ನಾನು ಮೀಟಿಂಗ್‌ನಲ್ಲಿದ್ದೆ. ಎದ್ದು ಹೊರಗೆ ಹೋಗಿ, ಎಷ್ಟು ಬಿತ್ತು ಅಂತ ಕೇಳಿದೆ.